ಊಟದ ಬಿಡುವಿನ ಪತ್ತೇದಾರಿ

ಚಟ್ಟ ಎತ್ತಲು ನಾಲ್ವರು ಬಗ್ಗಿದಾಗ ಬೈರಮ್ಮ ಅಡ್ಡ ಬಂದು ನಿಂತಳು. ಅವಳ ಹಿಂದೆ ಗಾರ್ಮೆಂಟ್ಸಿನ ಮೂವತ್ತು ಹೆಂಗಸರು, ಅರ್ಧ ದಿನ ರಜೆ ಹಾಕಿ ಯಲಹಂಕದ ಈ ಗಲ್ಲಿಗೆ ಬಂದವರು.

"ಸ್ವಲ್ಪ ಇರ್ರಣ್ಣ. ಅಕ್ಕನ ಕತೆ ಒಂದು ಓದ್ಬುಟ್ಟು ಕಳಿಸ್ಕೊಡ್ತೀವಿ."

ನಿನ್ನೆ ಸಂಜೆ ಎದೆನೋವಿನಿಂದ ತೀರಿಕೊಂಡ ಮುನಿಶಾಮಮ್ಮ ಓದಿದ್ದು ಏಳನೇ ಕ್ಲಾಸು. ಇಪ್ಪತ್ತೆರಡು ವರ್ಷ ಅಂಗಿಯ ಕಾಲರ್ ಹೊಲಿದಳು. ಊಟದ ಬಿಡುವಿನಲ್ಲಿ ತಾನೇ ಬರೆದ ಒಂದು ಪುಟದ ಪತ್ತೇದಾರಿ ಕತೆ ಓದುತ್ತಿದ್ದಳು. ಕೊಲೆಗಾರ ಯಾರೆಂದು ಎಲ್ಲರೂ ಊಹಿಸಿದ ಮೇಲೆಯೇ ಕೊನೆಯ ಸಾಲು.

ಹೆಣದ ಮುಂದೆ ಕೊಲೆಯ ಕತೆಯೇ, ನೋಡಿದವರು ಏನಂದಾರು ಎಂದು ಮೈದುನ ಗೊಣಗಿದ. ಎಲ್ಲರೂ ಗಂಡ ಮುನಿರಾಮಯ್ಯನ ಮುಖ ನೋಡಿದರು.

*

ಮೂರು ವರ್ಷದ ಹಿಂದೆ ಯಲಹಂಕದಲ್ಲಿ ಕಥಾಸ್ಪರ್ಧೆ. ಐದು ನಿಮಿಷದ ಕತೆ, ವೇದಿಕೆಯಲ್ಲೇ ಓದಬೇಕು. ಮುನಿಶಾಮಮ್ಮ ಓದಿ ಮುಗಿಸಿದಾಗ ತೀರ್ಪುಗಾರರೊಬ್ಬರು, ಚೆನ್ನಾಗಿದೆ, ಬರೆದುಕೊಟ್ಟವರು ಯಾರು ಎಂದು ಕೇಳಿದರು. ಕೆಲವರು ನಕ್ಕರು. ಮುನಿರಾಮಯ್ಯ ತಲೆ ತಗ್ಗಿಸಿಕೊಂಡು, ಬಾ ಹೋಗೋಣ ಎಂದು ಸನ್ನೆ ಮಾಡಿದ.

ಅವಳು ಇಳಿಯಲಿಲ್ಲ. "ಒಂದ್ ಆಳೆ ಕೊಡಿ ಸಾರ್. ಯಾವುದ್ರ ಮೇಲೆ ಬರೀಬೇಕು, ನೀವೇ ಯೋಳಿ."

ಅವರು ತಮ್ಮ ಅಂಗಿಯ ಗುಂಡಿ ತೋರಿಸಿದರು. ಅವಳು ಮೆಟ್ಟಿಲ ಮೇಲೆ ಕೂತು ಬರೆದಳು, ಇಪ್ಪತ್ತು ನಿಮಿಷಕ್ಕೆ ಎದ್ದು ಓದಿದಳು. ಆ ತೀರ್ಪುಗಾರರು ತಾವಾಗಿ ಎದ್ದು ಬಂದು ಕೈಮುಗಿದರು. ಬಂದದ್ದು ಎರಡನೇ ಬಹುಮಾನ. ಅಂದಿನಿಂದ ಹೆಂಡತಿ ಏನು ಮಾಡುತ್ತಾಳೆಂದು ಯಾರೇ ಕೇಳಲಿ, ಕತೆ ಬರೆಯುತ್ತಾಳೆ ಎಂದೇ ಮುನಿರಾಮಯ್ಯ ಹೇಳುತ್ತಿದ್ದ. ಹೊಲಿಗೆಯ ಮಾತು ಆಮೇಲೆ.

*

"ಓದವ್ವ," ಎಂದ ಮುನಿರಾಮಯ್ಯ ಮಗಳಿಗೆ. "ಗಟ್ಟಿಯಾಗಿ ಓದು. ಅವ್ಳು ಬರ್ದಿರೋದು ಎಲ್ರಿಗೂ ಕೇಳ್ಲಿ."

ಜ್ಯೋತಿಲಕ್ಷ್ಮಿ ತಾಯಿಯ ನೋಟ್‌ಬುಕ್ ಬಿಡಿಸಿದಳು. ವಿಷ ಬೆರೆಸಿದ ಟೀ ಕುಡಿದು ಸತ್ತ ಮುದುಕ. ಲೋಟದಲ್ಲಿ ಉಳಿದ ಟೀಯಲ್ಲಿ ಎರಡು ಚಮಚ ಸಕ್ಕರೆ. ಮನೆಯಲ್ಲಿದ್ದವರು ಮಗ, ಸೊಸೆ, ಹೊಸದಾಗಿ ಬಂದ ಬಾಡಿಗೆಯವನು. ಅಷ್ಟಕ್ಕೆ ನಿಲ್ಲಿಸಿದಳು.

ಮಗನೇ ಎಂದರು ಹೆಂಗಸರು. ಸೊಸೆ ಇರಬೇಕು ಎಂದು ಮೈದುನ ಮೆಲ್ಲಗೆ ಹೇಳಿದ.

ಜ್ಯೋತಿಲಕ್ಷ್ಮಿ ಕೊನೆಯ ಸಾಲು ಓದಿದಳು: "ಮುದುಕನಿಗೆ ಸಕ್ಕರೆ ಕಾಯಿಲೆಯೆಂದು ಮನೆಯವರಿಗೆಲ್ಲ ಗೊತ್ತಿತ್ತು, ಬಾಡಿಗೆಯವನಿಗೆ ಮಾತ್ರ ಗೊತ್ತಿರಲಿಲ್ಲ."

ರಾಜಾನುಕುಂಟೆಯಿಂದ ಕರೆಸಿದ್ದ ತಮಟೆಯವನು ಕೋಲು ಎತ್ತಿದ, ಬಾರಿಸದೆ ಕಂಕುಳಲ್ಲಿ ಇರುಕಿಕೊಂಡ.

"ಇನ್ನೊಂದ್ ಐತಾ, ತಾಯಿ?" ಎಂದ.

ಜ್ಯೋತಿಲಕ್ಷ್ಮಿ ಪುಟ ತಿರುಗಿಸಿದಳು.