ಬೆರಳಿನ ಟೊಪ್ಪಿಗೆ

ಬಿಸಿನೀರಿಗೂ ಒಂದು ವಾಸನೆಯಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನನಗೆ ಬಾಲ್ಯವೆಂದರೆ ಅದೇ: ಸ್ಟೀಲಿನ ಅಗಲ ಪಾತ್ರೆಯಲ್ಲಿ ಕಾದ ನೀರು, ಅದರಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ಕು, ಪಕ್ಕದಲ್ಲಿ ಹರವಿದ ಟವೆಲ್ಲಿನ ಸಾಬೂನಿನ ಕಂಪು.

ನಾನು ಒಂದು ಸ್ಪ್ಲಿಂಟ್. ಪೆಟ್ಟಾದ ಬೆರಳು ಬಾಗದಂತೆ ಹಿಡಿದು ನಿಲ್ಲಿಸುವ ಗಟ್ಟಿ ಕವಚ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೈಬೆರಳುಗಳ ಚಿಕಿತ್ಸೆ ನೋಡಿಕೊಳ್ಳುವ ಸುರೈಯಾ ಮೇಡಂ ಅಂದು ಯಾರದೋ ಮಣಿಕಟ್ಟಿಗೆ ದೊಡ್ಡ ಸ್ಪ್ಲಿಂಟ್ ಮಾಡಿದ್ದರು. ಆ ಸ್ಪ್ಲಿಂಟೇ ನನ್ನ ಅಣ್ಣ. ಅವನನ್ನು ಕತ್ತರಿಸಿಕೊಂಡ ಮೇಲೆ ಉಳಿದ ಚೂರು ನಾನು. ಕಸದ ಬುಟ್ಟಿಗೆ ಬೀಳಬೇಕಾದವನನ್ನು ಮೇಡಂ, "ಇರ್ಲಿ, ಯಾವುದರೆ ಬೆರಳಿಗೆ ಬರತದ" ಎಂದು ಎತ್ತಿಟ್ಟರು.

ಬಂದ ಬೆರಳು ವಿರೂಪಾಕ್ಷಪ್ಪನವರದು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಕಾಲೊನಿಯ ಕ್ಯಾರಂ ಚಾಂಪಿಯನ್. ಬಲಗೈ ತೋರುಬೆರಳಿನ ತುದಿ ಬಾಡಿದ ಮೊಗ್ಗಿನ ಹಾಗೆ ಜೋತುಬಿದ್ದಿತ್ತು.

"ಕ್ಯಾರಂ ಆಡೂಮುಂದ ಆತ್ರಿ," ಎಂದರು.

ಜೊತೆಗೆ ಬಂದಿದ್ದ ಅದೇ ಕಾಲೊನಿಯ ದಾನಿಯೇಲಪ್ಪ ಕೆಮ್ಮಿದರು. "ಖರೇ ಹೇಳೋ ಮಾರಾಯ. ಚಾದರದ ಅಂಚು ಗಾದಿ ಕೆಳಗ ತುರುಕಾಕ ಹೋಗಿ ಹಿಂಗ ಮಾಡ್ಕೊಂಡಾನ್ರಿ. ಹೆಂಡ್ತಿ ಮಗಳ ಬಾಣಂತನಕ್ಕ ಹೋಗ್ಯಾಳ, ಇವಂಗ ಹಾಸಗಿ ಹಾಸಾಕ ಬರಂಗಿಲ್ಲ."

"ಚಾದರದ ಬೆರಳು ನಮ್ಮಲ್ಲಿ ಭಾಳ ಬರ್ತಾವ್ರಿ, ನಾಚಬ್ಯಾಡ್ರಿ," ಎಂದು ಮೇಡಂ ನಕ್ಕರು. ನನ್ನನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಆ ಬೆರಳಿಗೆ ಸುತ್ತಿ, ಆರುವ ತನಕ ಹಿಡಿದರು. ಅಷ್ಟು ಹೊತ್ತಿನಲ್ಲಿ ನಾನು ಆ ಬೆರಳನ್ನು ಬಾಯಿಪಾಠ ಮಾಡಿಕೊಂಡೆ. ಗಂಟು, ಉಗುರಿನ ಅಂಚು, ಯಾವುದೋ ಕಾಲದ ಗಾಯದ ಗುರುತು, ಎಲ್ಲವನ್ನೂ. ಆಮೇಲೆ ಗಟ್ಟಿಯಾದೆ.

"ಒಂದೂವರಿ ತಿಂಗಳು ತುದಿ ಒಮ್ಮೆನೂ ಬಾಗಬಾರ್ದು," ಎಂದರು ಮೇಡಂ. "ಬಾಗಿದ್ರ ಮತ್ತ ಮೊದಲಿಂದ. ನಿಷ್ಕಾಳಜಿ ಮಾಡಿದ್ರ ಹಿಂಗ ಉಳದಬಿಡತದ, ಸ್ಟ್ರೈಕರ್ ಮರತಬಿಡ್ರಿ. ಮುಂಜಾನೆ ಸಂಜೀಕ ಇದನ್ನ ತಗದು ತೊಳೀಬೇಕು. ಆವಾಗ ಮತ್ತೊಬ್ಬರು ತುದಿ ಎತ್ತಿ ಹಿಡದಿರಬೇಕು. ಮನ್ಯಾಗ ಯಾರದಾರ?"

ವಿರೂಪಾಕ್ಷಪ್ಪ ಗೋಡೆ ನೋಡಿದರು.

"ನಾ ಹಿಡೀತೇನ್ರಿ," ಎಂದರು ದಾನಿಯೇಲಪ್ಪ.

ಇದರ ತೂಕ ನನಗೆ ಕಾಲೊನಿಗೆ ಬಂದ ಮೇಲೆ ತಿಳಿಯಿತು. ಪ್ರತಿವರ್ಷ ಕ್ಯಾರಂ ಪಂದ್ಯದ ಕೊನೆಯ ಆಟ ಇವರಿಬ್ಬರ ನಡುವೆಯೇ. ಪ್ರತಿವರ್ಷ ಗೆಲುವಿನ ಕಪ್ಪು ವಿರೂಪಾಕ್ಷಪ್ಪನವರ ಮನೆಯ ಗಾಜಿನ ಕಪಾಟಿಗೆ. ಈಗ ಆ ಬೆರಳು ಹೋಗಿದ್ದು ದಾನಿಯೇಲಪ್ಪನವರ ಕೈಗೆ.

ಅವರು ದಿನಾ ಮುಂಜಾನೆ, ಸಂಜೆ ಸೈಕಲ್ ಗೋಡೆಗೆ ಒರಗಿಸಿ, ಕೈ ತೊಳೆದು, ಮೇಜಿನ ಎದುರು ಕೂತು ತುದಿಯನ್ನು ಎತ್ತಿ ಹಿಡಿಯುತ್ತಿದ್ದರು. ವಿರೂಪಾಕ್ಷಪ್ಪ ಎಡಗೈಯಿಂದ ನನ್ನನ್ನು ಬೋಗುಣಿಯಲ್ಲಿ ತೊಳೆಯುತ್ತಿದ್ದರು. ನೊರೆಯೊಳಗಿಂದ ತಲೆಯೆತ್ತಿ ನೋಡಿದರೆ ಇಬ್ಬರು ಮುದುಕರು ಕೈ ಹಿಡಿದುಕೊಂಡು, ಒಬ್ಬರು ಕಿಟಕಿಯನ್ನೂ ಇನ್ನೊಬ್ಬರು ಕ್ಯಾಲೆಂಡರನ್ನೂ ನೋಡುತ್ತ ಕೂತಿರುತ್ತಿದ್ದರು.

"ಏನ್ರಿ ಯಜಮಾನ್ರ, ಭವಿಷ್ಯ ಕೇಳಾಕ ಹತ್ತೀರೇನು?" ಎಂದಳು ಹಾಲು ಹಾಕುವ ನಿಂಗವ್ವ.

"ಹೌದವ್ವಾ. ಈ ವರ್ಷ ಕಪ್ಪಿನ ಯೋಗ ಇಲ್ಲಂತ ಇವಂಗ," ಎಂದರು ದಾನಿಯೇಲಪ್ಪ.

ಒಂದು ಮುಂಜಾನೆ ನಾನು ಬೋಗುಣಿಯಲ್ಲಿದ್ದಾಗ ಒಳಕೋಣೆಯಲ್ಲಿ ಫೋನು ಕೂಗಿತು. ವಿರೂಪಾಕ್ಷಪ್ಪ ಚಂಗನೆ ಎದ್ದರು. ದಾನಿಯೇಲಪ್ಪ ಬೆರಳು ಬಿಡಲಿಲ್ಲ, ಅವರೂ ಎದ್ದರು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಇಬ್ಬರೂ ಬಾಗಿಲಲ್ಲಿ ಅಡ್ಡಡ್ಡ ನುಗ್ಗಿ ಒಳಗೆ ಹೋದರು. ಮಗಳಿಗೆ ಹೆಣ್ಣು ಮಗು. ವಿರೂಪಾಕ್ಷಪ್ಪನವರ ಕಣ್ಣು ತುಂಬಿರಬೇಕು, ಒರೆಸಿಕೊಳ್ಳಲು ಬಲಗೈ ಎಳೆದುಕೊಂಡಿರಬೇಕು.

"ಎಡಗೈಲೆ ಒರಸ್ಕೋ ಅಜ್ಜಾ," ಎಂದಿತು ದಾನಿಯೇಲಪ್ಪನವರ ಧ್ವನಿ.

ಪಂದ್ಯ ಬಂತು. ಈ ಸಲ ಚೀಟಿ ಎತ್ತಿದಾಗ ಮೊದಲ ಸುತ್ತಿಗೇ ಇಬ್ಬರೂ ಎದುರುಬದುರಾದರು. ಬೋರ್ಡಿನ ಮೇಲೆ ಕಾಯಿ ಜೋಡಿಸಿದ್ದು ಕಂಡದ್ದೇ ತಡ, ನನ್ನನ್ನು ಬೆರಳಿಗೆ ಬಿಗಿದ ಪಟ್ಟಿ ಮೆಲ್ಲಗೆ ಸಡಿಲವಾಗತೊಡಗಿತು. ವಿರೂಪಾಕ್ಷಪ್ಪ ಬಿಚ್ಚುತ್ತಿದ್ದರು. ನಾನು ಆದಷ್ಟು ಬಿಗಿಯಾಗಿ ಹಿಡಿದೆ. ಒಂದು ಚೂರು ಪ್ಲಾಸ್ಟಿಕ್ಕಿನ ಹಟ ಎಷ್ಟು ಹೊತ್ತು?

ದಾನಿಯೇಲಪ್ಪ ಬೋರ್ಡಿನ ಮೇಲಿಂದ ಬಾಗಿ ನನ್ನ ಸಮೇತ ಬೆರಳನ್ನು ಹಿಡಿದರು. "ಒಂದ ಆಟಕ್ಕ ಜನ್ಮದ ಆಟ ಕಳಕೊಂತೀಯೇನು? ಎಡಗೈಲೆ ಆಡು."

"ಎಡಗೈಲೆ ಆಡಿ ನಿನ್ನ ಮುಂದ ಸೋತು ನಗಿಸ್ಕೊಳ್ಳಲೇನು?"

"ನಾನೂ ಎಡಗೈಲೆ ಆಡತೇನಿ, ಬಾ."

ಆ ಸಂಜೆಯಂಥ ಆಟವನ್ನು ಕಾಲೊನಿ ಕಂಡಿರಲಿಲ್ಲ. ಸ್ಟ್ರೈಕರ್ ಒಮ್ಮೆ ಬೋರ್ಡು ದಾಟಿ ಯಾರದೋ ಚಹಾದ ಕಪ್ಪಿಗೆ ಬಿತ್ತು. ನಕ್ಕು ನಕ್ಕು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ದಾನಿಯೇಲಪ್ಪ ಹೇಗೋ ಗೆದ್ದರು. ಮುಂದಿನ ಸುತ್ತಿನಲ್ಲಿ ಬಲಗೈಯಿಂದಲೇ ಆಡಿ, ಸ್ಟೇಷನ್ ಮಾಸ್ತರರ ಸೊಸೆಯ ಎದುರು ಸೋತರು. ಕೊನೆಗೆ ಕಪ್ಪೂ ಅವಳ ಪಾಲಾಯಿತು.

ಅವಧಿ ಮುಗಿದು ಮೇಡಂ ನನ್ನನ್ನು ತೆಗೆದರು. ತುದಿ ನೆಟ್ಟಗೆ ನಿಂತಿತ್ತು. ಸ್ವಲ್ಪ ಬಾಗಿಸಿ ಎಂದರು, ಬಾಗಿತು. ಎತ್ತಿ ಎಂದರು, ಎದ್ದಿತು.

"ಇನ್ನ ರಾತ್ರಿ ಅಷ್ಟೇ ಹಾಕ್ಕೊಳ್ರಿ. ಯಾರೂ ಹಿಡಿಯೂದು ಬೇಕಾಗಿಲ್ಲ," ಎಂದರು ಮೇಡಂ.

ಮರಳುವಾಗ ಕಾಲೊನಿಯ ತಿರುವಿನಲ್ಲಿ ದಾನಿಯೇಲಪ್ಪ ಸೈಕಲ್ ಹತ್ತಿ ತಮ್ಮ ಮನೆಯ ಕಡೆ ಹೋದರು.

ಒಂದೂವರೆ ತಿಂಗಳಿಗೇ ನನಗೆ ವಯಸ್ಸಾಯಿತು. ಅಂಚು ಸವೆದಿದೆ, ಪಟ್ಟಿ ಹಿಡಿತ ಬಿಟ್ಟಿದೆ. ಒಂದೇ ಬೆರಳಿನ ಅಳತೆಗೆ ಹುಟ್ಟಿದವನು ಇನ್ನೊಬ್ಬರ ಕೈಗೆ ಹೋಗಲಾರೆ. ಅದಕ್ಕೆ ಬೇಸರವೂ ಇಲ್ಲ. ಹಗಲೆಲ್ಲ ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತೇನೆ. ಹಿಡಿಯುವ ಕೆಲಸ ಮುಗಿದ ಮೇಲೆ ಹಿಡಿದವರು ಏನು ಮಾಡುತ್ತಾರೆ ಎಂದು ಯೋಚಿಸುತ್ತೇನೆ.

ಎರಡು ದಿನ ಕಾಣದಿದ್ದ ಸೈಕಲ್ ಇಂದು ಮುಂಜಾನೆ ಅದೇ ಹೊತ್ತಿಗೆ ಗೋಡೆಗೆ ಒರಗಿತು. ದಾನಿಯೇಲಪ್ಪ ಒಳಗೆ ಬಂದು ಕೈ ತೊಳೆದು, ಎದುರು ಕೂತು, ಕೈ ಚಾಚಿದರು. ಚಾಚಿದ ಮೇಲೆ ನೆನಪಾಗಿರಬೇಕು. ಒಂದು ಗಳಿಗೆ ಆ ಕೈ ಮೇಜಿನ ಮೇಲೆ ಹಾಗೇ ಉಳಿಯಿತು. ಆಮೇಲೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಇನ್ನೂ ಹಬೆಯಾಡುತ್ತಿದ್ದ ಉಪ್ಪಿಟ್ಟನ್ನು ವಿರೂಪಾಕ್ಷಪ್ಪನವರ ಬಲಗೈಯ ಹತ್ತಿರ ಸರಿಸಿದರು.