ಕಿಡಿಯಣ್ಣನ ಓರೆನೋಟ

ಶವವಾಹನದಿಂದ ಇಳಿಸಿದ ಸ್ಟ್ರೆಚರನ್ನು ಹೊಸಿಲು ದಾಟಿಸುವಷ್ಟರಲ್ಲಿ ಅದರ ಮುಂಗಾಲೊಂದು ಕಟ್ಟೆಂದು ಮುರಿಯಿತು. ಪುಣ್ಯಕ್ಕೆ ಮೇಲೆ ಇನ್ನೂ ಯಾರೂ ಇರಲಿಲ್ಲ. ಮಲಗಬೇಕಾದವರು ಒಳಗೆ ಮಂಚದ ಮೇಲೆ, ಎದೆಯವರೆಗೆ ಬಿಳಿ ಬಟ್ಟೆ ಹೊದ್ದು, ಇದಕ್ಕೂ ತಮಗೂ ಸಂಬಂಧವೇ ಇಲ್ಲ ಎಂಬಂತಿದ್ದರು.

"ಇಲ್ಲಿ ಹತ್ರ ವೆಲ್ಡಿಂಗ್ ಮಾಡೋರು ಯಾರಾದ್ರೂ ಸಿಗ್ತಾರಾ?" ಡ್ರೈವರು ಮುರಿದ ಕೊಳವೆ ಹಿಡಿದು ಕೇಳಿದ.

ಕೇಳಬಾರದ ಮನೆಯಲ್ಲಿ ಕೇಳಿದ್ದ. ಜೀವಮಾನವಿಡೀ ಕಬ್ಬಿಣ ಬೆಸೆದು, ಕಂಡವರ ಬಾಯಲ್ಲೆಲ್ಲ ಕಿಡಿಯಣ್ಣನೇ ಆಗಿಹೋದ ಮನುಷ್ಯ ಒಳಗೆ ತಣ್ಣಗೆ ಮಲಗಿದ್ದರು. ಗೋಡೆಗೊರಗಿ ನಿಂತಿದ್ದ ವರ್ಕ್‌ಶಾಪಿನ ಫಿಟ್ಟರ್ ನಗು ತಡೆಯಲು ಕೆಮ್ಮಿದ. ಆಮೇಲೆ ಎಲ್ಲರ ಕಣ್ಣೂ ಗೇಟಿನ ಕಡೆ ಹೋಗಿ, ಅಲ್ಲಿಂದ ಕಿಡಿಯಣ್ಣನ ಹೆಂಡತಿಯ ಕಡೆ ಬಂತು.

ಗೇಟಿನಾಚೆ ಆಕೆಯ ಮೈದುನ ತನ್ನ ವ್ಯಾನಿಗೆ ಬೆನ್ನು ಕೊಟ್ಟು ಬೆಳಿಗ್ಗೆಯಿಂದ ನಿಂತೇ ಇದ್ದ. ವ್ಯಾನಿನೊಳಗೆ ಲೇಸರ್ ವೆಲ್ಡಿಂಗ್ ಮೆಷಿನ್ನಿದೆ ಎಂದು ಎಲ್ಲರಿಗೂ ಗೊತ್ತು. ಆ ಮೆಷಿನ್ನೇ ತನ್ನ ಗಂಡನ ಕೆಲಸ ಕಿತ್ತುಕೊಂಡದ್ದು, ಅಣ್ಣತಮ್ಮಂದಿರನ್ನು ದೂರ ಮಾಡಿದ್ದು ಎಂದು ಏಳು ವರ್ಷದಿಂದ ಆಕೆ ಹೇಳುತ್ತ ಬಂದದ್ದೂ ಗೊತ್ತು. ಮೈದುನ ಈ ಹೊಸಿಲು ತುಳಿಯಕೂಡದು ಎಂದು ಕಡ್ಡಿ ಮುರಿದಂತೆ ಹೇಳಿದವಳೂ ಆಕೆಯೇ.

ಮಗಳು ಬಗ್ಗಿ ಕೇಳಿದಳು. "ಅಮ್ಮಾ, ಚಿಕ್ಕಪ್ಪನ್ನ ಕರೀಲಾ? ಬೇರೆ ಸ್ಟ್ರೆಚರ್ ಬರೋದು ಸಂಜೆ ಆಗುತ್ತಂತೆ."

"ಅಂಗಳಕ್ಕೆ ಬರಲಿ. ಕೆಲಸ ಮುಗಿಸಿ ಹೋಗಲಿ."

*

ಕೆಲಸ ಹೋದದ್ದನ್ನು ಆಕೆ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಇನ್ನೊಂದಿತ್ತು, ಅದನ್ನು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಮನೆಗೆ ಬಂದು ಕೂತ ದಿನದಿಂದ ಗಂಡ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದರು.

ಒಂದು ಚಳಿಗಾಲ ಹೊಸ ಹಸಿರು ಸ್ವೆಟರ್ ತಂದು, ಹಾಕಿಕೊಂಡು ಅವರೆದುರು ನಿಂತಿದ್ದಳು.

"ಹೇಗಿದೆ?"

ಅವರು ಕಿಟಕಿಯ ಕಡೆ ತಿರುಗಿದರು. "ಚೆನ್ನಾಗಿದೆ. ಹಸಿರು ನಿಂಗೆ ಒಪ್ಪುತ್ತೆ. ಮೇಲಿನ ಗುಂಡಿ ಜೋತಾಡ್ತಿದೆ ನೋಡು."

"ಕಿಟಕಿಗೆ ಹೇಳ್ತಿದೀರೋ, ನನಗೋ?"

ಅವರು ಹೊರಳಿ ನೇರವಾಗಿ ಅವಳ ಮುಖಕ್ಕೇ ಕಣ್ಣಿಟ್ಟರು. ಹುಡುಕಿದ್ದು ಸಿಗದವರಂತೆ ರೆಪ್ಪೆ ಬಡಿದು, ಮತ್ತೆ ಕಿಟಕಿಗೇ ತಿರುಗಿದರು.

ಆ ಸ್ವೆಟರನ್ನು ಆಕೆ ಮತ್ತೆ ಮುಟ್ಟಲಿಲ್ಲ. ವಯಸ್ಸಾದ ಹೆಂಡತಿಯ ಮುಖದಲ್ಲಿ ನೋಡುವಂಥದ್ದು ಏನುಳಿದಿದೆ ಎಂದು ಕನ್ನಡಿಯನ್ನು ಕೇಳಿ, ಕನ್ನಡಿಯ ಮೇಲೂ ಮುನಿಸಿಕೊಂಡಳು.

*

ಮೈದುನ ಮೆಷಿನ್ನನ್ನು ಅಂಗಳಕ್ಕೆ ತಳ್ಳಿಕೊಂಡು ಬಂದ. ಯಾರ ಮುಖವನ್ನೂ ನೋಡದೆ, "ಎಲ್ರೂ ಮನೆ ಹಿಂದಕ್ಕೆ ಹೋಗಿ. ಒಬ್ರೂ ಈ ಕಡೆ ತಿರುಗಬಾರದು. ಕೊಳವೆ ಹಿಡ್ಕೊಳ್ಳೋಕೆ ಒಬ್ರು ಸಾಕು," ಎಂದ. ಅವನ ಹತ್ತಿರ ಇದ್ದದ್ದು ಎರಡೇ ಕನ್ನಡಕ.

ಫಿಟ್ಟರ್ ಕೈ ಚಾಚುವ ಮೊದಲೇ ಆಕೆ ಒಂದನ್ನು ಎತ್ತಿಕೊಂಡಳು. "ನಾನೇ ಹಿಡೀತೀನಿ. ಅದೇನು ಮಹಾ ಮೆಷಿನ್ನು ಅಂತ ನೋಡೇಬಿಡ್ತೀನಿ."

ಬಂದವರೆಲ್ಲ ಮನೆಯ ಹಿಂದೆ ಸರಿದರು. ಮೈದುನ ಅವಳ ಕನ್ನಡಕವನ್ನು ಎರಡೆರಡು ಸಲ ಒತ್ತಿ ನೋಡಿದ. "ಪಕ್ಕದಲ್ಲಿ ಸಂದಿ ಇರಬಾರದು ಅತ್ತಿಗೆ."

"ಸಾಕು ಬಿಡೋ. ನಿಮ್ಮಣ್ಣ ಅಂಗಳದ ತುಂಬ ಕಿಡಿ ಹಾರಿಸಿದ್ರೂ ಇಷ್ಟು ನಾಟಕ ಮಾಡ್ತಿರಲಿಲ್ಲ."

ಅವನು ಸ್ವಿಚ್ಚು ಒತ್ತಿದ. ಸಣ್ಣಗೆ ಚರ್ ಎಂದಿತು, ಕನ್ನಡಕದಾಚೆ ಸೂಜಿಮೊನೆಯಷ್ಟು ಬೆಳಕು ಸರಿದುಹೋಯಿತು, ಅಷ್ಟೆ. ತೆಳ್ಳನೆಯ ಕೊಳವೆ ಎಲ್ಲೂ ಕರಗಿ ತೂತಾಗಿರಲಿಲ್ಲ. ಬೆಸುಗೆ ಒಳ್ಳೆಯ ದರ್ಜಿಯ ಹೊಲಿಗೆಯ ಹಾಗೆ ಕೂತಿತ್ತು. ಚೆನ್ನಾಗಿದೆ ಎನ್ನಿಸಿತು ಅವಳಿಗೆ. ಎನ್ನಿಸಿದ್ದಕ್ಕೇ ಸಿಟ್ಟೂ ಬಂತು.

"ಇಷ್ಟೇನಾ? ಇದಕ್ಕಾ ಊರಿಗೂರನ್ನೇ ಓಡಿಸಿದ್ದು?"

"ಅಣ್ಣನೂ ಹಾಗೇ ಅಂದ್ಕೊಂಡ ಅತ್ತಿಗೆ. ಕಿಡಿ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತ."

"ಏನಂದೆ?"

ಮೈದುನ ಮೆಷಿನ್ನು ಆರಿಸಿ ಅಲ್ಲೇ ಕುಕ್ಕರಿಸಿದ. "ಇದರ ನಿಜವಾದ ಬೆಳಕು ಕಣ್ಣಿಗೆ ಕಾಣಲ್ಲ. ಅವತ್ತು ಇದನ್ನ ಅಣ್ಣನೇ ಹಿಡಿದಿದ್ದ, ಕನ್ನಡಿ ಥರ ಹೊಳೆಯೋ ತಗಡು. ಹಳೇ ಅಭ್ಯಾಸ ನೋಡಿ, ಬೆಸುಗೆ ಹೇಗೆ ಬಂತು ಅಂತ ಕನ್ನಡಕ ಹಣೆಗೇರಿಸಿ ಬಗ್ಗಿದ. ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು, ತಗಡಿಗೆ ಬಡಿದ ಬೆಳಕು ಕಣ್ಣಿಗೆ ಹೊಡೀತು. ನೋವಿಲ್ಲ, ಏನಿಲ್ಲ. ಬಲಗಣ್ಣಿನ ನಡುಮಧ್ಯೆ ಒಂದು ಕಪ್ಪು ಚುಕ್ಕೆ ಉಳ್ಕೊಂಡ್ತು. ಎಡಗಣ್ಣು ಮೊದಲೇ ಮಂಜು. ವಾಸಿ ಆಗಲ್ಲ ಅಂದ್ರು ಡಾಕ್ಟ್ರು."

"ಮತ್ತೆ ನಿಮ್ಮ ಜಗಳ?"

"ಜಗಳ ಎಲ್ಲಿ ಬಂತು? 'ನಿಮ್ಮತ್ತಿಗೆಗೆ ಗೊತ್ತಾದ್ರೆ ಕುರುಡನ ಥರ ಕೈ ಹಿಡ್ಕೊಂಡು ಬಚ್ಚಲಿಗೆ ಕರ್ಕೊಂಡು ಹೋಗ್ತಾಳೆ. ಜಗಳ ಆಯ್ತು ಅಂತ ಹೇಳ್ಬಿಡ್ತೀನಿ' ಅಂತ ನನ್ನ ಬಾಯಿಗೆ ಬೀಗ ಹಾಕಿದ. ವಾರವಾರ ಟೀ ಅಂಗಡೀಲಿ ಸಿಗ್ತಾನೇ ಇದ್ವಿ."

"ಏಳು ವರ್ಷ ನನ್ನ ಕೈಲಿ ನಿನ್ನ ಬೈಸಿದ್ರಲ್ಲೋ ಆ ಮನುಷ್ಯ!"

"ಬೈಸಿ ನಗ್ತಿದ್ದ." ಮೈದುನ ನೆಲ ನೋಡುತ್ತ ಹೇಳಿದ. "ನೇರ ನೋಡಿದ್ರೆ ಮುಖ ಇರೋ ಜಾಗದಲ್ಲಿ ತೂತು ಕಾಣುತ್ತಂತೆ. ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಮಾತ್ರ ಕಣ್ಣಂಚಲ್ಲಿ ಮುಖ ಸಿಗೋದು. 'ಅವಳನ್ನ ನೋಡ್ಬೇಕು ಅಂದ್ರೆ ಕಿಟಕಿ ನೋಡ್ಬೇಕು ಕಣೋ' ಅಂತಿದ್ದ."

ಆಕೆ ಕನ್ನಡಕ ತೆಗೆಯಲಿಲ್ಲ. ಜೋತಾಡುವ ಗುಂಡಿ ಅವರಿಗೆ ಕಂಡಿತ್ತು. ಹಸಿರು ಒಪ್ಪಿದ್ದೂ ಕಂಡಿತ್ತು. ಅಷ್ಟು ವರ್ಷ ಅವರು ತನ್ನನ್ನು ನೋಡುತ್ತಲೇ ಇದ್ದರು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದವಳು ತಾನೇ.

"ಕರ್ಕೊಂಡು ಹೋಗ್ತಿದ್ದೆ ಕಣೋ," ಎಂದಳು ಅಳುತ್ತ. "ಕೈ ಹಿಡ್ಕೊಂಡು ಬಚ್ಚಲಿಗೇ ಕರ್ಕೊಂಡು ಹೋಗ್ತಿದ್ದೆ. ಏನೀಗ?"

ಮೈದುನನಿಗೂ ಅಳು ಬಂತು.

"ಏಳು," ಎಂದು ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಒಳಗೆ ಬಾ. ತಲೆ ಕಡೆ ನೀನೇ ಹಿಡೀಬೇಕು."

ತಲೆಯ ಕಡೆ ಅವನೇ ಹಿಡಿದ. ಸ್ಟ್ರೆಚರು ಕಮಕ್ ಕಿಮಕ್ ಎನ್ನದೆ ಭಾರ ಹೊತ್ತುಕೊಂಡಿತು. ಮುಖದ ಮೇಲೆ ಬಟ್ಟೆ ಎಳೆಯಲು ಡ್ರೈವರು ಅಂಚು ಎತ್ತಿದಾಗ ಪಕ್ಕದ ಮನೆಯ ಟೀಚರಮ್ಮ ಆಕೆಯ ಭುಜ ಹಿಡಿದು ಮುಂದೆ ತಂದರು. "ಒಂದ್ಸಲ ಸರಿಯಾಗಿ ಮುಖ ನೋಡ್ಬಿಡಿ."

ಆಕೆ ಗಂಡನ ಹತ್ತಿರ ಬಂದು ನಿಂತಳು. ನಿಂತು, ಕಿಟಕಿಯ ಕಡೆ ದೃಷ್ಟಿ ಹೊರಳಿಸಿದಳು. ಅಲ್ಲೇ ನೆಟ್ಟಳು.

"ಪಾಪ, ನೋಡೋಕೂ ಆಗ್ತಿಲ್ಲ," ಎಂದು ಟೀಚರಮ್ಮ ಪಿಸುಗುಟ್ಟಿದರು. "ಮುಚ್ಚಿಬಿಡಪ್ಪಾ."

"ಸ್ವಲ್ಪ ತಡಿ," ಮೈದುನ ಡ್ರೈವರಿನ ಕೈ ಹಿಡಿದ. "ಇನ್ನೂ ನೋಡ್ತಿದಾರೆ."

ಡ್ರೈವರು ಆಕೆಯನ್ನು ನೋಡಿದ, ಆಕೆಯ ಕಣ್ಣು ನಿಂತ ಕಿಟಕಿಯನ್ನು ನೋಡಿದ, ಏನೂ ತಿಳಿಯದೆ ಬಟ್ಟೆಯ ಅಂಚನ್ನು ಹಿಡಿದುಕೊಂಡೇ ಕಾದ.