ಮನೆ ಕೊಟ್ಟು ಮನೆ ತಂದದ್ದು

ಸೂರ್ಯ ಅಂದರೆ ಇದೇನಾ, ಹೊಗೆಯ ಹಿಂದೆ ನಿಂತು ಕಣ್ಣಿಗೂ ಚುಚ್ಚದ ಈ ಬಿಲ್ಲೆ — ರಾಯದುರ್ಗದಲ್ಲಾದರೆ ಒಂಬತ್ತು ಗಂಟೆಗೆ ತಲೆ ಎತ್ತಿ ನೋಡಿದವರು ಸೀನದೆ ಇರುವುದಿಲ್ಲ, ಇಲ್ಲಿ ದಿಲ್ಲಿಯಲ್ಲಿ ನಾಗವೇಣಿ ನಾಲ್ಕನೇ ಮಹಡಿಯ ಅಡುಗೆಮನೆ ಕಿಟಕಿಯಲ್ಲಿ ಚಹಾ ಹಿಡಿದು ಅವನನ್ನು ನೆಟ್ಟಗೆ ನೋಡುತ್ತಿದ್ದಾಳೆ, ಅವನೇ ನಾಚಿಕೊಂಡಿದ್ದಾನೆ, ಗಂಟಲಲ್ಲಿ ಸುಟ್ಟ ಚಿಂದಿಯ ರುಚಿ, ಇರಲಿ, ಇಪ್ಪತ್ತೊಂದು ದಿನದಲ್ಲಿ ಸುರ್ಜೀತ್ ಆಂಟಿಯ ಒಲೆ, ನಲ್ಲಿ, ಬಾಗಿಲಿನ ಮೂರು ಚಿಲಕ, ಎಲ್ಲವೂ ಇವಳ ಕೈಗೆ ಪಳಗಿವೆ, ಹೊಸ ಮಿಷಿನ್ನು ಎರಡು ದಿನ ಸತಾಯಿಸಿ ಮೂರನೇ ದಿನ ಹೊಲಿಗೆ ಬಿಡುವಂತೆ. ಆಂಟಿ ಈಗ ರಾಯದುರ್ಗದಲ್ಲಿ, ಇವಳ ಮನೆಯಲ್ಲಿ, ಇವಳ ಮಂಚದಲ್ಲಿ — ಬಾಡಿಗೆ ಇಲ್ಲ ಗೀಡಿಗೆ ಇಲ್ಲ, ಮೂವತ್ತು ದಿನ ನಿನ್ನ ಮನೆ ನನಗೆ, ನನ್ನ ಮನೆ ನಿನಗೆ, ಅನಂತಪುರದಲ್ಲಿ ನರ್ಸಿಂಗ್ ಓದುವ ಮಗಳು ರೇವತಿ ಫೋನಿನಲ್ಲಿ ಹುಡುಕಿ ಕುದುರಿಸಿದ ಸಂಬಂಧ ಇದು, ಅಮ್ಮಾ, ಜನ ಹಿಂಗ ಮನಿ ಬದಲು ಮಾಡ್ಕೊಂಡು ಲಂಡನ್ನಾಗ ಇದ್ದು ಬರ್ತಾರ — ಲಂಡನ್ ಅವರೇ ಇಟ್ಟುಕೊಳ್ಳಲಿ, ಇವಳಿಗೆ ದಿಲ್ಲಿ ಸಾಕು, ಹೊಲಿಗೆ ಕಲಿಸುವವರಿಗೆಂದೇ ಮೂವತ್ತು ದಿನದ ಟ್ರೇನಿಂಗು, ಒಂದು ದಿನ ತಪ್ಪಿಸಿದರೂ ಸರ್ಟಿಫಿಕೇಟು ಇಲ್ಲ, ಅದು ಕೈಗೆ ಬಂದರೆ ಜೀನ್ಸ್ ಹೊಲಿಗೆ ಕಲಿಸುವ ಸೆಂಟರ್ ತನ್ನದೇ ಮನೆಯ ಪಡಸಾಲೆಯಲ್ಲಿ, ಇನ್ನೊಬ್ಬರ ಯೂನಿಟ್ಟಿನಲ್ಲಿ ಹತ್ತೊಂಬತ್ತು ವರ್ಷ ಪ್ಯಾಂಟಿಗೆ ಜೇಬು ಹಚ್ಚಿದ್ದು ಸಾಕು. ಆಂಟಿಗೆ ಎಪ್ಪತ್ತಾಯಿತು, ನವೆಂಬರಿನ ಹೊಗೆ ಎದೆಗೆ ಒಗ್ಗುವುದಿಲ್ಲ, ಊರು ಬಿಡಿ ಅಂದರಂತೆ ಡಾಕ್ಟರು, ಆಂಟಿಯ ಅಪ್ಪ ರೈಲ್ವೆಯಲ್ಲಿದ್ದಾಗ ರಾಯದುರ್ಗದ ಕ್ವಾರ್ಟರ್ಸಿನಲ್ಲಿ ಆಡಿದ ನೆನಪಂತೆ, ಗುಡ್ಡದ ಮೇಲಿನ ಕೋಟೆ ಬಿಟ್ಟರೆ ಮತ್ತೇನೂ ನೆನಪಿಲ್ಲವಂತೆ.

ಗುರುತಿಲ್ಲದವಳನ್ನು ಮನೆಯಲ್ಲಿ ಬಿಟ್ಟು ಹೋಗ್ತೀಯಾ ಅಂತ ಓಣಿಯೆಲ್ಲ ಕೇಳಿತು, ಕೇಳದೆ ಏನು, ಗುರುತಿದ್ದವರ ಕಥೆ ಓಣಿಗೂ ಗೊತ್ತು — ಗಂಡ ರಾಮಾಂಜಿನೇಯ ತೀರಿಕೊಂಡು ನಾಲ್ಕು ವರ್ಷ, ಆ ನಾಲ್ಕು ವರ್ಷದಿಂದ ಮೈದುನ ಓಬುಲೇಶನ ಕಣ್ಣು ಈ ಮನೆಯ ಮೇಲೆ, ಭೈರವಾನಿತಿಪ್ಪದ ಕಡೆ ಅವನಿಗೆ ಹೊಲವಿದೆ, ತೋಟದ ಮನೆಯಿದೆ, ಪೇಟೆಯ ಮನೆಯೂ ಬೇಕು, ಗಂಡಸಿಲ್ಲದ ಮನೆ ಅದು ಅನ್ನುತ್ತಾನೆ, ಇವಳು ಗಂಡಸಲ್ಲ, ನಿಜ, ಆದರೆ ಮನೆಯಲ್ಲಿ ಇದ್ದಾಳಲ್ಲ. ಹೋದ ವರ್ಷ ಐದೇ ದಿನ ತವರಿಗೆ ಅಂತ ಮಡಕಶಿರಕ್ಕೆ ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಬೇರೆ ಬೀಗ, ಪಡಸಾಲೆ ತುಂಬ ಶೇಂಗಾ ಚೀಲ, ಬೀಗ ಒಡೆದು ಆ ಚೀಲ ಹೊರಗೆ ಹಾಕಿಸಲು ಎರಡು ತಿಂಗಳು ಹಿಡಿಯಿತು, ಮತ್ತೊಮ್ಮೆ ಹೊಕ್ಕನೆಂದರೆ ಎಬ್ಬಿಸುವವರಿಲ್ಲ. ಅಣ್ಣ ಲಕ್ಷ್ಮೀನರಸಪ್ಪನಿಗೆ ಫೋನು ಮಾಡಿದರೆ ಅವನು ಕೆಮ್ಮಿದ, ನಾನೇನ್ ಮಾತಾಡ್ಲಮ್ಮಿ, ನನ್ ಹೆಂಡ್ತಿ ಅಣ್ಣನ ಮೇಲೆ ಒಂದ್ಮಾತು ಆಡಿದ್ರೆ ಅವ್ಳು ಮೂರು ದಿನ ಒಲೆ ಹಚ್ಚಲ್ಲ ಕಣಮ್ಮಿ. ಹೆಣ್ಣು ಕೊಟ್ಟು ಹೆಣ್ಣು ತಂದ ಮದುವೆ, ಇವಳು ರಾಯದುರ್ಗಕ್ಕೆ ಬಂದ ಚಪ್ಪರದಲ್ಲೇ ಓಬುಲೇಶನ ತಂಗಿ ಇವಳ ಅಣ್ಣನ ಹೆಂಡತಿಯಾಗಿ ಮಡಕಶಿರಕ್ಕೆ ಹೋದಳು, ಅಲ್ಲಿಯ ಸಂಸಾರ ಕೆಡಬಾರದೆಂದರೆ ರಾಯದುರ್ಗದಲ್ಲಿ ಇವಳು ಬಾಯಿ ಮುಚ್ಚಬೇಕು, ಆಗ ಬದಲು ಮಾಡಿದವರು ಇವಳನ್ನು ಕೇಳಿರಲಿಲ್ಲ, ಈ ಸಲದ ಬದಲಿಗೆ ರುಜು ಹಾಕಿದವಳು ಇವಳೇ. ಖಾಲಿ ಮನೆಗೆ ಓಬುಲೇಶ ನುಗ್ಗುತ್ತಾನೆ, ಜನ ಇರುವ ಮನೆಗೆ ಹೇಗೆ ನುಗ್ಗಿಯಾನು, ಬಳ್ಳಾರಿಯ ಹೆಂಗಸರಿಂದ ಯೂನಿಟ್ಟಿನಲ್ಲಿ ಕಲಿತ ಹಿಂದಿಯಲ್ಲೇ ಆಂಟಿಗೆ ಎಲ್ಲ ಬಿಡಿಸಿ ಹೇಳಿದ್ದಳು, ಮುಚ್ಚಿಟ್ಟಿರಲಿಲ್ಲ, ಮೂವತ್ತೈದು ವರ್ಷ ಹುಡುಗರ ಶಾಲೆಯಲ್ಲಿ ಟೀಚರಾಗಿದ್ದವಳು ನಾನು ಅಂತ ಆಂಟಿ ನಕ್ಕುಬಿಟ್ಟಿದ್ದರು.

ಆದರೆ ಆಂಟಿ ಹೊಸ್ತಿಲ ಮೇಲೆ ಕೂರುತ್ತಾರೆ. ಪಕ್ಕದ ಮನೆಯ ಪುಟ್ಟಕ್ಕನದು ಮೊದಲ ವಾರದಿಂದ ಇದೊಂದೇ ದೂರು, ನಾಗವೇಣಿ, ಆಕಿ ದಿನಾ ಮುಂಜಾನೆ ಹೊಸ್ತಿಲ ಮ್ಯಾಲೆ ಕುಂದ್ರತಾಳವ್ವ, ಕಾಲು ಬೀದಿಗೆ ಚಾಚಿ, ಕೈಯಾಗ ಪೇಪರು, ಲಕ್ಷ್ಮಿ ಹೆಂಗ ಒಳಗ ಬರಬೇಕು, ಒಂದ್ ಮಾತು ಹೇಳು ಆಕಿಗೆ — ಹೇಳುತ್ತೇನೆ ಅಂದವಳು ಹೇಳಲಿಲ್ಲ, ಸೂಜಿಗೆ, ದಾರಕ್ಕೆ, ಜಿಪ್ಪಿಗೆ ಇವಳ ಹಿಂದಿಯಲ್ಲಿ ಮಾತಿದೆ, ಹೊಸ್ತಿಲಿಗೆ ಎಲ್ಲಿಂದ ತರುವುದು, ಈ ದಿಲ್ಲಿ ಮನೆಗೆ ಹೊಸ್ತಿಲೇ ಇಲ್ಲ, ನುಣ್ಣನೆಯ ಕಲ್ಲು, ಕಾಲಿಗೆ ಏನೂ ತಾಕದೆ ಒಳಗೆ ಬಂದುಬಿಡಬಹುದು, ಆಂಟಿಗೆ ಅದು ಕೂರುವ ಮರದ ಹಲಗೆ ಅಷ್ಟೆ, ಬಿಸಿಲು ಚೆನ್ನಾಗಿ ಬೀಳುವ ಜಾಗ. ಇವಳಿಗೆ ಹತ್ತೊಂಬತ್ತು ವರ್ಷ ಆಗ, ಮದುವೆಯಾಗಿ ಮೂರನೆಯ ದಿನ, ಸೊಂಟ ನೋಯುತ್ತಿತ್ತು, ಬೆಳ್ಳುಳ್ಳಿ ಬಿಡಿಸುತ್ತ ಅಲ್ಲೇ ಕೂತದ್ದು, ಅತ್ತೆ ಒಳಗಿನಿಂದ, ಏ ಏಳು, ಮನಿ ತೊಳಿಯಾಕ ಬಂದೀ ಏನು, ಎದ್ದಳು, ಬೆಳ್ಳುಳ್ಳಿ ಚೆಲ್ಲಿತು, ಯಾಕತ್ತೆ ಕುಂತ್ಕಬಾರ್ದಾ ಅಂದದ್ದಕ್ಕೆ ಅತ್ತೆ ಇವಳ ಮಡಕಶಿರದ ಮಾತನ್ನು ಅಣಕಿಸಿ ಓಬುಲೇಶನನ್ನು ನಗಿಸಿದಳು, ಅಲ್ಲಿಂದ ಇಪ್ಪತ್ತೇಳು ವರ್ಷ ತೊಳೆದಿದ್ದಾಳೆ, ಅರಿಶಿನ ಬಳಿದಿದ್ದಾಳೆ, ರಂಗೋಲಿ ಎಳೆದಿದ್ದಾಳೆ, ಬಲಗಾಲಿಟ್ಟು ದಾಟಿದ್ದಾಳೆ, ಕೂತಿಲ್ಲ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಆದರೂ ಕೂತಿಲ್ಲ. ಅದಕ್ಕೇ ಆಂಟಿಗೆ ಹೇಳಲು ಬಾಯಿ ಬರಲಿಲ್ಲವೋ ಏನೋ, ಕಣ್ಣು ಮುಚ್ಚಿದರೆ ಕಾಣುತ್ತಿತ್ತು, ಒಬ್ಬ ಹೆಂಗಸು, ಕಾಲು ಬೀದಿಗೆ, ಬಿಸಿಲಲ್ಲಿ, ಮತ್ತು ಇವಳಿಗೆ ಕೋಪ ಬರುತ್ತಿರಲಿಲ್ಲ, ಹೊಟ್ಟೆಕಿಚ್ಚು ಬರುತ್ತಿತ್ತು.

ಫೋನು, ಪುಟ್ಟಕ್ಕ, ಈ ಹೊತ್ತಿನಲ್ಲಿ ಯಾಕೆ — ಓಬುಲೇಶ ಬಂದಿದ್ದನವ್ವ ಅನ್ನುತ್ತಾಳೆ, ಟ್ರ್ಯಾಕ್ಟರು ತಂದಿದ್ದ, ಇಬ್ಬರು ಆಳು, ಶೇಂಗಾ ಚೀಲ, ಕೈಯಾಗ ಹೊಸಾ ಬೀಗ, ಚಹಾ ಲೋಟ ಕಟ್ಟೆಯ ಮೇಲಿಟ್ಟದ್ದು ಇವಳಿಗೆ ಗೊತ್ತಾಗಲಿಲ್ಲ, ಇವತ್ತು ರೈಲು ಹತ್ತಿದರೆ ನಾಡಿದ್ದು ಗುಂತಕಲ್ಲು, ಟ್ರೇನಿಂಗು ಹೋಗಲಿ, ಇಲ್ಲ, ಹೋಗಬಾರದು, ಮನೆ ಹೋದರೆ ಸರ್ಟಿಫಿಕೇಟು ಯಾವ ಗೋಡೆಗೆ ತೂಗುಹಾಕುವುದು, ಒಳಗ ಹೊಕ್ಕನೇನು ಪುಟ್ಟಕ್ಕ, ಅದನ್ನು ಹೇಳು ಮೊದಲು. ಪುಟ್ಟಕ್ಕ ನೇರವಾಗಿ ಹೇಳುವವಳೇ ಅಲ್ಲ, ಆಂಟಿ ಎಂದಿನಂತೆ ಕೂತಿದ್ದರಂತೆ, ಇವನು ಚೀಲ ಹೆಗಲಿಗೇರಿಸಿ ಬಂದು ಏಳ್ರಿ ಅಂದನಂತೆ, ಅವರು ಪೇಪರಿನ ಹಾಳೆ ತಿರುವಿದರಂತೆ, ತೆಲುಗಿನಲ್ಲಿ ಅಂದ, ಬಾರದ ಹಿಂದಿಯಲ್ಲಿ ಅಂದ, ಮೊಣಕಾಲು ನೋವು, ಏಳಲಾಗುವುದಿಲ್ಲ ಅಂತ ಕೈಯಲ್ಲಿ ತೋರಿಸಿದರಂತೆ. ಒಂದೇ ಹೆಜ್ಜೆ, ಚಾಚಿದ ಎರಡು ಕಾಲು ದಾಟಿದ್ದರೆ ಒಳಗೆ, ಆದರೆ ಕೂತ ಹೆಂಗಸನ್ನು, ಅದೂ ತಾಯಿಯ ವಯಸ್ಸಿನವಳನ್ನು, ಹೊಸ್ತಿಲ ಮೇಲೆ, ಇಡೀ ಓಣಿ ಎದುರಿಗೆ ನಿಂತು ನೋಡುವಾಗ ದಾಟುವುದು, ಓಬುಲೇಶನ ಕಾಲೂ ಮೇಲೇಳಲಿಲ್ಲ, ಅತ್ತೆ ಕಲಿಸಿದ್ದು ಇವಳೊಬ್ಬಳಿಗೇ ಅಲ್ಲವಲ್ಲ. ಅರ್ಧ ತಾಸು ನಿಂತ, ಚೀಲ ಎಡಹೆಗಲಿನಿಂದ ಬಲಹೆಗಲಿಗೆ ಬಂತು, ಆಳುಗಳು ಬೀಡಿ ಹಚ್ಚಿದರು, ಟ್ರ್ಯಾಕ್ಟರು ತಿರುಗಿತು. ಆಮೇಲೆ ಪುಟ್ಟಕ್ಕ ದನಿ ಇಳಿಸಿ, ನಾಗವೇಣಿ, ಆಕಿಗೆ ಏನೂ ಹೇಳಬ್ಯಾಡವ್ವ, ಕುಂದ್ರಲಿ ಬಿಡು.

ನಕ್ಕಳು, ನಗುತ್ತಲೇ ಕಣ್ಣು ಒದ್ದೆಯಾಯಿತು, ಸೆರಗಿನಿಂದ ಒರೆಸಿಕೊಂಡಳು, ಹತ್ತಕ್ಕೆ ಕ್ಲಾಸು, ಇವತ್ತು ಸೊಂಟಪಟ್ಟಿ ಕಲಿಸುವ ಸರದಿ ಇವಳದು, ಮೂರು ಚಿಲಕ ಹಾಕಿಕೊಂಡು ಮೆಟ್ಟಿಲಿಳಿಯುತ್ತಾಳೆ, ಇನ್ನು ಒಂಬತ್ತು ದಿನ, ಆಮೇಲೆ ಆಂಟಿ ಅವರ ಮನೆಗೆ, ಇವಳು ತನ್ನ ಮನೆಗೆ, ಹತ್ತನೆಯ ದಿನ ಓಬುಲೇಶ ಮತ್ತೆ ಬರುತ್ತಾನೆ, ಬರಲಿ, ಅವನು ಬರುವುದು ಮುಂಜಾನೆಯೇ, ಅಷ್ಟೊತ್ತಿಗೆ ಬಿಸಿಲು ಬಿದ್ದಿರುತ್ತದೆ, ಅರಿಶಿನ ಇನ್ನೂ ಹಸಿ ಇರುತ್ತದೆ, ಸೀರೆಗೆ ಅಂಟೀತು, ಅಂಟಲಿ, ಬೆಳ್ಳುಳ್ಳಿಯ ಮೊರ ಮಡಿಲಲ್ಲಿ ಇಟ್ಟುಕೊಂಡರೆ ಹೊತ್ತು ಹೋಗುತ್ತದೆ — ಚಾಚಿದ ಆ ಕಾಲು ಕಾಣುತ್ತದೆ, ಹಿಮ್ಮಡಿ ಒಡೆದದ್ದು, ಬೆರಳಲ್ಲಿ ಕಾಲುಂಗುರ ತೆಗೆದ ಬಿಳಿ ಗೆರೆ, ಇದು ಆಂಟಿಯ ಕಾಲಲ್ಲ, ಹೊಸ್ತಿಲ ಮೇಲೆ ಒಬ್ಬ ಹೆಂಗಸು, ಕಾಲು ಬೀದಿಗೆ, ಏಳು ಅನ್ನುತ್ತಿದ್ದಾರೆ ಯಾರೋ, ಏಳು ಅನ್ನುತ್ತಿದ್ದಾರೆ, ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಾಳೆ